ಬ್ಯಾಂಕಿನಿಂದ ಗಂಜಿ ವಸೂಲಿ ಮಾಡಿದ ಲೆಗಿನಾ

ಬ್ರೆಬೆಸ್‌ನಿಂದ ಬಂದ ಈರುಳ್ಳಿ ಲಾರಿ ಜಾವಾದ ಸೋಲೋ ಪಟ್ಟಣದ ಸಗಟು ಮಾರುಕಟ್ಟೆಯ ಮುಂದೆ ನಿಂತಿದೆ. ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಿಂಬಾಗಿಲು ಬೀಳುತ್ತಿದ್ದಂತೆ ಲೆಗಿನಾ ಲಾರಿಗೆ ಬೆನ್ನು ಕೊಟ್ಟು, ಮೊಣಕಾಲನ್ನು ತುಸುವೇ ಬಗ್ಗಿಸಿ ನಿಲ್ಲುತ್ತಾರೆ. ಮೇಲಿದ್ದವನು ಮೂಟೆಯನ್ನು ಅವರ ಬೆನ್ನಿಗೆ ಜಾರಿಸುತ್ತಾನೆ. ಪಟ್ಟೆಪಟ್ಟೆಯ ಉದ್ದ ಬಟ್ಟೆಯನ್ನು ಮೂಟೆಯ ಅಡಿಯಿಂದ ಸುತ್ತಿ ತಂದು ಎದೆಯ ಮೇಲೆ ಗಂಟು ಹಾಕುತ್ತಾರೆ. ಎರಡೂ ಕೈಯಲ್ಲಿ ಆ ಗಂಟನ್ನು ಹಿಡಿದು ಹೊರಟರೆಂದರೆ ಮುಗಿಯಿತು, ಎದುರಿಗೆ ಬಂದವರೇ ದಾರಿ ಬಿಡಬೇಕು.

"ಲೆಗಿನಾ! ಲೆಗಿನಾ!" ಮೆಣಸಿನಕಾಯಿ ಅಂಗಡಿಯ ಗಿಮಾನ್ ಕುಳಿತಲ್ಲಿಂದಲೇ ಕೂಗುತ್ತಾರೆ.

"ಇರೋದು ಒಬ್ಬಳೇ ಕಣಯ್ಯಾ, ಒಂದ್ಸಲ ಕೂಗು ಸಾಕು," ಎಂದು ಲೆಗಿನಾ ನಡಿಗೆ ನಿಲ್ಲಿಸದೆಯೇ ಉತ್ತರ ಎಸೆಯುತ್ತಾರೆ. ಸಾಲು ಅಂಗಡಿಗಳೆಲ್ಲ ನಗುತ್ತವೆ. ಈ ತಮಾಷೆ ಇಲ್ಲಿ ದಿನಾ ನಡೆಯುತ್ತದೆ. ಹೋದ ವರ್ಷ ಇದೇ ಮಾತನ್ನು ಕೇಳಿದರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು ಎಂದರೆ ಹೊಸಬರು ನಂಬುವುದಿಲ್ಲ.

ಲೆಗಿನಾಗೆ ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ "ಬೆನ್ನನ್ನ ಕೇಳಿ, ಅದಕ್ಕೆ ಗೊತ್ತು" ಎನ್ನುತ್ತಾರೆ. ಊರು ವೊನೊಗಿರಿ ಕಡೆಯ ಗುಡ್ಡದ ಮೇಲೆ. ಅಲ್ಲಿ ಗಂಡ ಆಡು ಸಾಕಿಕೊಂಡು, ಮರಗೆಣಸು ಬೆಳೆದುಕೊಂಡು ಆರಾಮವಾಗಿದ್ದಾನೆ. ಈಕೆ ಮದುವೆಯಾದ ಎರಡನೇ ವರ್ಷಕ್ಕೇ ಸೋಲೋಗೆ ಬಂದವರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಅಟ್ಟವಿದೆ. ಹೊರೆ ಹೊರುವ ಹೆಂಗಸರೆಲ್ಲ ಅಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಾರೆ. ತಿಂಗಳಿಗೊಮ್ಮೆ ಊರು, ಮಿಕ್ಕ ದಿನವೆಲ್ಲ ಮೂಟೆ.

ಒಂದು ಮೂಟೆ ಅರ್ಧ ಕ್ವಿಂಟಲ್ ತೂಗುತ್ತದೆ. ಲಾರಿಯಿಂದ ಅಂಗಡಿಗೆ ಮುಟ್ಟಿಸಿದರೆ ಐದು ಸಾವಿರ ರುಪಿಯಾ, ಮೆಟ್ಟಿಲು ಹತ್ತಿಸಿದರೆ ಏಳು ಸಾವಿರ. ಒಳ್ಳೆಯ ದಿನವಾದರೆ ಸಂಜೆಗೆ ಒಂದು ಲಕ್ಷ ಆಗುತ್ತದೆ. ಲಕ್ಷ ಎಂದು ಕಣ್ಣರಳಿಸಬೇಡಿ. ಅದರಲ್ಲಿ ಮೂರು ಹೊತ್ತಿನ ಅನ್ನ, ಸಿಹಿ ಚಹಾ, ಅಟ್ಟದ ಬಾಡಿಗೆ, ಸೊಂಟಕ್ಕೆ ಹಚ್ಚುವ ಎಣ್ಣೆ ಎಲ್ಲವೂ ಕಳೆದು ಉಳಿಯುವುದೇ ಚೂರುಪಾರು. ಆ ಚೂರುಪಾರನ್ನೇ ಹೆಂಗಸರು ಸಂಜೆ ಸಂಜೆ ಒಟ್ಟು ಮಾಡುತ್ತಾರೆ. ರಂಜಾನ್ ಉಪವಾಸ ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಬೇಕು. ಮಕ್ಕಳಿಗೆ ಹೊಸ ಬಟ್ಟೆ, ಮನೆಗೆ ಎಣ್ಣೆ, ಬಿಸ್ಕತ್ತಿನ ಡಬ್ಬ, ಚಿಕ್ಕವರ ಕೈಗೆ ಹಬ್ಬದ ಕಾಸು, ಇಷ್ಟಕ್ಕೂ ಆಗುವ ಉಳಿತಾಯ ಅದೇ.

ಆ ದುಡ್ಡು ವರ್ಷಾನುಗಟ್ಟಲೆ ಲೆಗಿನಾ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇರುತ್ತಿತ್ತು. ಯಾರೂ ರಸೀದಿ ಕೇಳಿದವರಲ್ಲ. ಈಕೆಯ ಕೈಗೆ ಹೋದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದು ಅಟ್ಟದ ಮಂದಿಯ ನಂಬಿಕೆ. ಆ ನಂಬಿಕೆಯೇ ತನ್ನ ಆಸ್ತಿ ಎಂದು ಲೆಗಿನಾ ತಿಳಿದಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಎಡವಟ್ಟಾದದ್ದು ಬ್ಯಾಂಕಿಗೆ ಹೊಸ ಕಂಪ್ಯೂಟರ್ ಬಂದಾಗ. ಅದರಲ್ಲಿ ಹೆಸರಿಗೆ ಎರಡು ಖಾನೆ, ಒಂದು ಸ್ವಂತ ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಎರಡನೆಯದನ್ನು ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಜಾವಾದ ಹಳ್ಳಿಗಳ ಎಷ್ಟೋ ಜನರಿಗೆ ಹುಟ್ಟಿನಿಂದ ಸಾಯುವ ತನಕ ಇರುವುದೇ ಒಂದು ಹೆಸರು. ಮನೆತನದ ಹೆಸರು ಅವರ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಹಳೆಯ ಖಾತೆಗಳನ್ನು ಹೊಸ ಯಂತ್ರಕ್ಕೆ ತುಂಬುವಾಗ ಯಾರೋ ಪುಣ್ಯಾತ್ಮರು ಗಡಿಬಿಡಿಯಲ್ಲಿ ಎರಡೂ ಖಾನೆಗೆ ಇದ್ದ ಒಂದೇ ಹೆಸರನ್ನು ಒತ್ತಿ ಕೈತೊಳೆದುಕೊಂಡರು. ಖಾತೆ 'ಲೆಗಿನಾ ಲೆಗಿನಾ' ಎಂಬವರ ಪಾಲಾಯಿತು.

ಹೋದ ವರ್ಷ ಹಬ್ಬಕ್ಕೆ ಇನ್ನೇನು ವಾರವಿದೆ ಎನ್ನುವಾಗ ಲೆಗಿನಾ ದುಡ್ಡು ಬಿಡಿಸಲು ಹೋದರು. ಕೌಂಟರಿನ ಹುಡುಗಿ ಗುರುತಿನ ಚೀಟಿ ನೋಡಿದಳು, ಪರದೆ ನೋಡಿದಳು, ಮತ್ತೆ ಚೀಟಿ ನೋಡಿದಳು.

"ಬು, ಇದು ಲೆಗಿನಾ ಲೆಗಿನಾ ಅನ್ನೋರ ಖಾತೆ. ನೀವು ಬರೀ ಲೆಗಿನಾ," ಎಂದಳು. ಬು ಎಂದರೆ ಅಮ್ಮ, ಮರ್ಯಾದೆಯಲ್ಲೇನೂ ಕಮ್ಮಿ ಮಾಡಲಿಲ್ಲ.

"ಅದೂ ನಾನೇ ಕಣಮ್ಮ. ಬೇಕಿದ್ರೆ ಎರಡು ಸಲ ಹೇಳ್ತೀನಿ."

ಹುಡುಗಿ ನಕ್ಕಳು. ಕಂಪ್ಯೂಟರ್ ನಗಲಿಲ್ಲ. ಹೆಸರು ತಾಳೆಯಾಗದ ಖಾತೆಯನ್ನು ಅದು ತಾನಾಗಿಯೇ ಮುಚ್ಚಿಟ್ಟಿತ್ತು. ತೆರೆಯಬೇಕೆಂದರೆ ಜಕಾರ್ತಾದ ಮುಖ್ಯ ಕಚೇರಿ ಹೇಳಬೇಕು. ಜಕಾರ್ತಾದವರು ಆಗಲೇ ಹಬ್ಬಕ್ಕೆ ಗಂಟುಮೂಟೆ ಕಟ್ಟಿದ್ದರು.

ಬರಿಗೈಯಲ್ಲಿ ವಾಪಸು ಬಂದಾಗ ಹೆಂಗಸರೆಲ್ಲ ಆಲೂಗಡ್ಡೆ ಮೂಟೆಗಳ ಮೇಲೆ ಕಾದು ಕುಳಿತಿದ್ದರು. ಲೆಗಿನಾ ಇದ್ದದ್ದು ಇದ್ದಂತೆ ಹೇಳಿದರು. ಮೊದಲು ಬಾಯಿ ತೆರೆದದ್ದು ಸರಿಂತೆನ್. ಸರಿಂತೆನ್ ಬೇರೆ ಯಾರೂ ಅಲ್ಲ, ಒಂದೇ ಊರಿನವರು, ಅಟ್ಟದಲ್ಲಿ ಇಪ್ಪತ್ತು ವರ್ಷದಿಂದ ಲೆಗಿನಾ ಪಕ್ಕದ ಚಾಪೆಯವರು.

"ಇಬ್ಬರು ಲೆಗಿನಾ ಇದ್ದಾರಂತಲ್ಲ," ಎಂದರು ಸರಿಂತೆನ್. "ದುಡ್ಡು ಇಟ್ಟೋಳು ಇವಳು. ತಿಂದೋಳು ಆ ಇನ್ನೊಬ್ಬಳು."

ಎಲ್ಲರೂ ನಕ್ಕರು. ಆಮೇಲೆ ಎಲ್ಲರ ನಗುವೂ ಒಟ್ಟಿಗೇ ನಿಂತುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮಾಷೆಗೆ ಅಂದೆ ಎಂದು ಸರಿಂತೆನ್ ಈಗ ಹೇಳುತ್ತಾರೆ. ಅವತ್ತು ಹೇಳಲಿಲ್ಲ.

ಹೆಂಗಸರು ಈರುಳ್ಳಿ ಸಾಹುಕಾರರ ಹತ್ತಿರ ಕೈಗಡ ಮಾಡಿ ಬಸ್ಸು ಹತ್ತಿದರು. ಲೆಗಿನಾ ಹತ್ತಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹಬ್ಬದ ದಿನ ಖಾಲಿ ಅಟ್ಟದಲ್ಲಿ ಒಬ್ಬರೇ ಕುಳಿತಿದ್ದರು. ಅತ್ತಿರಾ ಎಂದು ಕೇಳಿದರೆ ಮುಚ್ಚುಮರೆ ಇಲ್ಲ.

"ಅತ್ತೆ. ಚೆನ್ನಾಗೇ ಅತ್ತೆ. ಆಮೇಲೆ ಹಸಿವಾಯ್ತು. ಕಾವಲುಗಾರನ ಹೆಂಡ್ತಿ ಎಲೇಲಿ ಸುತ್ತಿದ ಅನ್ನ, ಕೋಳಿ ಸಾರು ಕಳ್ಸಿದ್ಲು. ಉಂಡೆ. ಸಾರಿಗೆ ಉಪ್ಪು ಕಮ್ಮಿ ಇತ್ತು."

ಹಬ್ಬ ಮುಗಿದು ಕೆಲವು ವಾರಕ್ಕೆ ದುಡ್ಡು ಬಂತು, ಒಂದು ರುಪಿಯಾವೂ ಕಡಿಮೆಯಾಗದೆ. ಲೆಗಿನಾ ಹಂಚಿದರು. ತೆಗೆದುಕೊಂಡವರು ತಲೆ ತಗ್ಗಿಸಿ ತೆಗೆದುಕೊಂಡರು. ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು, ಹೋಗಲಿಲ್ಲ. ಮುಂದಿನ ಹಬ್ಬದ ಉಳಿತಾಯ ಲೆಗಿನಾ ಕೈಗೆ ಬರದೆ ಚಹಾದಂಗಡಿಯ ಬಿಸ್ಕತ್ತು ಡಬ್ಬದಲ್ಲಿ ಕೂಡತೊಡಗಿತು. ಸರಿಂತೆನ್ ತಮ್ಮ ಚಾಪೆಯನ್ನು ಅಟ್ಟದ ಆ ತುದಿಗೆ ಎಳೆದುಕೊಂಡರು. ಇಲ್ಲಿ ಸೆಖೆ ಎಂದು ಕಾರಣ ಹೇಳಿದರು. ಇಪ್ಪತ್ತು ವರ್ಷ ಇಲ್ಲದ ಸೆಖೆ!

ಲೆಗಿನಾ ಬ್ಯಾಂಕಿನ ಬೆನ್ನು ಹತ್ತಿದ್ದು ಆಗ. ದುಡ್ಡು ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಗಿಮಾನ್ ಕೇಳಿದ್ದರಂತೆ. "ದುಡ್ಡು ಸಿಕ್ತು. ಹೆಸರು ಸಿಗ್ಲಿಲ್ಲ," ಎಂದು ಈಕೆ ಹೇಳಿದ್ದರು.

ಸೋಮವಾರ ಸೋಮವಾರ ಹೋಗುವುದು. ಈರುಳ್ಳಿ ಲಾರಿ ಇಳಿಸಿ, ಸ್ನಾನ ಮಾಡದೆ, ಅದೇ ಬಟ್ಟೆಯಲ್ಲಿ ಸೀದಾ ತಣ್ಣನೆಯ ಬ್ಯಾಂಕಿನೊಳಗೆ ಹೋಗಿ ಮೆತ್ತನೆ ಕುರ್ಚಿಯಲ್ಲಿ ಕೂರುವುದು. ಅಕ್ಕಪಕ್ಕದವರು ಕಣ್ಣೊರೆಸಿಕೊಂಡು ಜಾಗ ಬದಲಾಯಿಸುತ್ತಿದ್ದರು. ಬೇಕೆಂದೇ ಹಾಗೆ ಹೋಗುತ್ತಿದ್ದಿರಾ ಎಂದರೆ ಲೆಗಿನಾ ಸುಮ್ಮನೆ ನಗುತ್ತಾರೆ.

ಮೊದಲು ಬಂದದ್ದು ಒಂದು ವಿಷಾದ ಪತ್ರ. ಆದ ಅನಾನುಕೂಲಕ್ಕೆ ಕ್ಷಮೆ ಇರಲಿ ಎಂದು ಚೆಂದದ ಕಾಗದದಲ್ಲಿ ಬರೆದಿತ್ತು. ಮೇಲ್ಗಡೆ ವಿಳಾಸದಲ್ಲಿ 'ಶ್ರೀಮತಿ ಲೆಗಿನಾ ಲೆಗಿನಾ ಅವರಿಗೆ' ಎಂದಿತ್ತು.

ಲೆಗಿನಾ ಅದನ್ನು ಕೌಂಟರಿನ ಮೇಲೆ ವಾಪಸಿಟ್ಟರು. "ಇವ್ರು ಕ್ಷಮೆ ಕೇಳಿರೋದು ಆ ಇನ್ನೊಬ್ಬಳನ್ನ. ನನ್ನನ್ನಲ್ಲ."

ಆಮೇಲೆ ಬ್ಯಾಂಕಿನ ಹೆಸರಿದ್ದ ಕೊಡೆಯೊಂದು ಉಡುಗೊರೆಯಾಗಿ ಬಂತು. ಅದೂ ವಾಪಸು. "ನನ್ನ ಎರಡು ಕೈಯೂ ಹೊರೆ ಗಂಟಲ್ಲಿರುತ್ತೆ. ಕೊಡೆ ಹಿಡಿಯೋಕೆ ಬ್ಯಾಂಕಿಂದ ಒಬ್ಬ ಆಳನ್ನೂ ಕಳಿಸ್ತೀರಾ?" ತಡವಾದ ದಿನಗಳ ಬಡ್ಡಿ ಎಂದು ಒಂದಿಷ್ಟು ಖಾತೆಗೆ ಬಿತ್ತು. ಅದನ್ನು ಮಾತ್ರ ಎಲ್ಲರಿಗೂ ಸಮವಾಗಿ ಹಂಚಿದರು. ತಲೆಗೊಂದು ಲೋಟ ಚಹಾ ಆಯಿತು. ಹೆಸರನ್ನು ಎಂದು ಸರಿಮಾಡುತ್ತೀರಿ, ಆದ ಅವಮಾನಕ್ಕೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರವೇ ಬರುತ್ತಿತ್ತು.

ಕೊನೆಗೆ ಮ್ಯಾನೇಜರ್ ತಿಗೋರ್ ಸಿನಾಗ ಅವರೇ ಒಳಗೆ ಕರೆದರು. ಸಿನಾಗ ಸಮುದ್ರದಾಚೆ ತೋಬಾ ಸರೋವರದ ಕಡೆಯ ಬತಕ್ ಜನ. ದನಿ ದೊಡ್ಡದು, ಮನಸ್ಸೂ ದೊಡ್ಡದು. ಪಿಸುಮಾತು ಆಡುವ ಸೋಲೋದವರಿಗೆ ಅವರು ಸುಮ್ಮನೆ ಮಾತಾಡಿದರೂ ಜಗಳವಾಡಿದಂತೆ ಕೇಳುತ್ತದೆ. ಬತಕ್ ಜನಕ್ಕೆ ಕುಲದ ಹೆಸರೇ ಪ್ರಾಣ.

"ಬು, ನಮ್ಮ ಕಡೆ ಕುಲದ ಹೆಸರಿಲ್ಲದೋನಿಗೆ ಯಾರೂ ಹೆಣ್ಣು ಕೊಡಲ್ಲ!" ಎಂದು ಗುಡುಗಿದರು ಸಿನಾಗ. "ನಿಮಗೆ ಎರಡು ಹೆಸರಾದ್ರೆ ನಷ್ಟ ಏನು? ಒಂದು ಬಿಟ್ಟಿ ಬಂತಲ್ಲ!"

"ಪಾಕ್," ಎಂದರು ಲೆಗಿನಾ. ಸಾಹೇಬರನ್ನು ಇಲ್ಲಿ ಹಾಗೇ ಕರೆಯುವುದು. "ಹೆಸರೂ ಒಂದು ಹೊರೇನೇ. ನನಗೆ ಮೊದಲು ಇಟ್ಟಿದ್ದೇ ಬೇರೆ ಹೆಸರು. ದೊಡ್ಡ ಹೆಸರು, ರಾಣೀರಿಗೆ ಇಡೋ ಅಂಥದ್ದು. ಮೈಗೆ ಹಿಡೀಲಿಲ್ಲ. ಮೂರು ಹೊತ್ತೂ ಜ್ವರ, ಹಾಲು ಕುಡಿದ್ರೆ ವಾಂತಿ. ಮಗೂಗೆ ಹೆಸರು ಭಾರ ಆಯ್ತು ಅಂತ ನಮ್ಮಜ್ಜ ಅದನ್ನ ಇಳಿಸಿದ್ರು. ನಮ್ಮ ಐದು ದಿನದ ಸಂತೆವಾರದಲ್ಲಿ ಲೆಗಿ ಅನ್ನೋ ದಿನ ಹುಟ್ಟಿದೋಳು, ಲೆಗಿನಾ ಅಂತ ಇರ್ಲಿ ಅಂದ್ರು. ಸುಮ್ನೆ ಅಂದು ಎದ್ದು ಹೋಗ್ಲಿಲ್ಲ. ಬೆಲ್ಲ ಹಾಕಿ ಕೆಂಪು ಗಂಜಿ, ತೆಂಗಿನ ಹಾಲು ಹಾಕಿ ಬಿಳಿ ಗಂಜಿ ಮಾಡ್ಸಿ, ಓಣಿಯವ್ರನ್ನೆಲ್ಲ ಕರೆದು, ಉಣ್ಣೋಕೆ ಇಟ್ಟು, ಹೂಂ ಇವಳು ಲೆಗಿನಾ ಅಂತ ಎಲ್ಲರ ಬಾಯಲ್ಲೂ ಅನ್ನಿಸಿದ್ರು. ನೀವೂ ನನ್ನ ಹೆಸರು ಬದಲಾಯಿಸಿದ್ರಿ. ಗಂಜಿ ಎಲ್ಲಿ?"

ಬಾಗಿಲಲ್ಲಿ ನಿಂತಿದ್ದ ಕೌಂಟರಿನ ಹುಡುಗಿ ಸೋಲೋದವಳೇ. ಅವಳಿಗೆ ನಗು ತಡೆಯಲಾಗಲಿಲ್ಲ. ಜಾವಾ ಮಾತಿನಲ್ಲಿ ಹೆಸರಿಗೆ ಜೆನೆಂಗ್ ಅನ್ನುತ್ತಾರೆ, ಗಂಜಿಗೆ ಜೆನಂಗ್. ಹೆಸರು ಉಳಿಸಿಕೊಂಡವನಿಗೆ ಗಂಜಿಗೆ ಕೊರತೆಯಿಲ್ಲ ಎಂಬ ಅರ್ಥದಲ್ಲಿ, ಮೊದಲು ಜೆನೆಂಗ್, ಆಮೇಲೆ ಜೆನಂಗ್ ಎಂದು ಹಿರಿಯರು ಗಾದೆಯನ್ನೇ ಕಟ್ಟಿದ್ದಾರೆ. ಹುಡುಗಿ ಅದನ್ನು ಸಾಹೇಬರಿಗೆ ಬಿಡಿಸಿ ಹೇಳಿದಳು.

"ನಮ್ಮ ಪರಿಹಾರದ ನಿಯಮದಲ್ಲಿ ಗಂಜಿ ಇಲ್ಲ, ಬು."

"ಆ ಎರಡನೇ ಲೆಗಿನಾನೂ ನಿಯಮದಲ್ಲಿ ಇರ್ಲಿಲ್ಲ. ನೀವು ಹುಟ್ಟಿಸ್ಲಿಲ್ವಾ?"

ಸಿನಾಗ ಮೇಜು ಗುದ್ದಿ ನಕ್ಕರು. ಹೊರಗೆ ಕುಳಿತಿದ್ದ ಗ್ರಾಹಕರು ಹೊಡೆದಾಟವೇ ಆಯಿತೆಂದು ಎದ್ದು ನಿಂತರಂತೆ. ನಕ್ಕು ಸುಸ್ತಾದ ಮೇಲೆ ಅವರು ಗಂಭೀರವಾಗಿ, "ಎಲ್ಲಿ ಮರ್ಯಾದೆ ಹೋಯ್ತೋ ಅಲ್ಲೇ ಊಟ ಹಾಕಿ ಸರಿಮಾಡ್ಬೇಕು. ನಮ್ಮಜ್ಜಿನೂ ಇದನ್ನೇ ಹೇಳೋಳು. ಮೊದಲೇ ಹೇಳಬಾರದಿತ್ತಾ ಬು? ನೀವು ಇನ್ನಷ್ಟು ದುಡ್ಡು ಕೇಳ್ತಿದ್ದೀರಿ ಅಂದ್ಕೊಂಡಿದ್ದೆ," ಎಂದರು. ಖರ್ಚನ್ನು ಮುಖ್ಯ ಕಚೇರಿಗೆ 'ಗ್ರಾಹಕರ ಸಭೆ' ಎಂದು ತೋರಿಸಿದ್ದಾಯಿತು.

ಲೆಗಿನಾ ಎರಡು ಷರತ್ತು ಹಾಕಿದರು. ಗಂಜಿ ಮಾರುಕಟ್ಟೆಯಲ್ಲೇ ಆಗಬೇಕು, ಆಲೂಗಡ್ಡೆ ಮೂಟೆಗಳ ಹತ್ತಿರ. ಗಂಜಿ ಕಾಯಿಸುವವರು ಸರಿಂತೆನ್ ಆಗಬೇಕು. ಬೆಲ್ಲದ ಪಾಕ ಅವರಷ್ಟು ಚೆನ್ನಾಗಿ ಅಟ್ಟದಲ್ಲಿ ಯಾರಿಗೂ ಬರುವುದಿಲ್ಲ ಎಂಬುದು ನಿಜ. ಅದೊಂದೇ ಕಾರಣವಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಸರಿಂತೆನ್ ಗೊಣಗಿದರು, ಸೊಂಟ ನೋವು ಎಂದರು, ಕೊನೆಗೆ ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹಚ್ಚಿದರು.

ಅವತ್ತಿನ ಬೆಳಗನ್ನು ಮಾರುಕಟ್ಟೆ ಇನ್ನೂ ಮರೆತಿಲ್ಲ. ಬ್ಯಾಂಕಿನವರು ಇಸ್ತ್ರಿ ಅಂಗಿ ತೊಟ್ಟು, ಕೋಸಿನ ಸಿಪ್ಪೆ ತುಳಿಯುತ್ತ ಬಂದರು. ಸಿನಾಗ ಒಂದು ಮೂಟೆಯ ಮೇಲೆ ಹತ್ತಿ ನಿಂತರು. ಇಲ್ಲಿಯ ಹೆಂಗಸರಿಗೆ ಇಲ್ಲಿಯ ಮಾತಲ್ಲೇ ಹೇಳಬೇಕೆಂದು ಕೌಂಟರಿನ ಹುಡುಗಿಯಿಂದ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದರು. ಲಾರಿಯವರಿಗೂ ಕೇಳುವಂಥ ದನಿಯಲ್ಲಿ ಶುರುಮಾಡಿದರು.

"ಲೆಗಿನಾ ಅವರದ್ದು ತಪ್ಪಿಲ್ಲ! ಲೆಗಿನಾ ಅವರ ಜೆನಂಗ್ ಕೆಡಿಸಿದ್ದು ನಾವು! ದಯವಿಟ್ಟು ಎಲ್ಲರೂ ಈ ಜೆನೆಂಗ್ ತಿನ್ನಿ!"

ಹೆಸರು ಕೆಡಿಸಿದೆವು, ಗಂಜಿ ತಿನ್ನಿ ಎನ್ನಬೇಕಾದಲ್ಲಿ ಗಂಜಿ ಕೆಡಿಸಿದೆವು, ಹೆಸರು ತಿನ್ನಿ ಎಂದಿದ್ದರು. ಎಲ್ಲರಿಗಿಂತ ಮೊದಲು ಸಿಡಿದದ್ದು ಸರಿಂತೆನ್.

"ಯಾರ್ರೀ ಹೇಳಿದ್ದು ಗಂಜಿ ಕೆಟ್ಟಿದೆ ಅಂತ? ಮೂರು ಗಂಟೆಗೆ ಎದ್ದು ಕಾಯ್ಸಿದೀನಿ! ತಿಂದು ನೋಡಿ ಮಾತಾಡಿ!"

ಮಾರುಕಟ್ಟೆ ಬಿದ್ದು ಬಿದ್ದು ನಕ್ಕಿತು. ಗಿಮಾನ್ ಮೆಣಸಿನಕಾಯಿ ಬುಟ್ಟಿಯ ಮೇಲೇ ಒರಗಿದರು. ಏನಾಯಿತೆಂದು ತಿಳಿಯದ ಸಿನಾಗ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ನಗುವಿನ ನಡುವೆಯೇ ಸರಿಂತೆನ್ ಮೊದಲ ಬಟ್ಟಲನ್ನು ತುಂಬಿದರು. ಅರ್ಧ ಕೆಂಪು, ಅರ್ಧ ಬಿಳಿ. ಸಾಹೇಬರಿಗೆ ಕೊಡಬಹುದೆಂದು ಎಲ್ಲರೂ ನೋಡುತ್ತಿದ್ದರು. ಆಕೆ ನೆಟ್ಟಗೆ ಬಂದು ಲೆಗಿನಾ ಮುಂದೆ ಹಿಡಿದರು.

"ತಗೊಳ್ಳೇ. ಇಬ್ಬರು ಲೆಗಿನಾಗೂ ಸೇರ್ಸಿ ಹಾಕಿದೀನಿ."

ಹಾಗೆಂದು ಮುಖ ತಿರುಗಿಸಿದರು. ಸರಿಂತೆನ್ ಇದಕ್ಕಿಂತ ಹೆಚ್ಚು ಕ್ಷಮೆ ಕೇಳುವವರಲ್ಲ. ಲೆಗಿನಾ ಇದಕ್ಕಿಂತ ಹೆಚ್ಚು ಬಯಸಿದವರೂ ಅಲ್ಲ. ಗಂಜಿ ಖಾಲಿಯಾಗುವ ತನಕ ತಿಂದರು. ಅವತ್ತು ಸಂಜೆ ಬಿಸ್ಕತ್ತು ಡಬ್ಬದ ದುಡ್ಡು, ಯಾರೂ ಏನೂ ಹೇಳದೆ, ಲೆಗಿನಾ ಮಡಿಲಿಗೆ ಬಂತು.

ಬ್ಯಾಂಕಿನ ಪರದೆಯಲ್ಲಿ ಈಗ ಅವರ ಹೆಸರು ಒಂದೇ ಸಲ ಇದೆ. ಎರಡನೆಯ ಖಾನೆಯಲ್ಲಿ ಒಂದು ಚುಕ್ಕೆ ಇಟ್ಟಿದ್ದಾರಂತೆ, ಯಂತ್ರಕ್ಕೆ ಅಷ್ಟು ಸಾಕಂತೆ. ಇಷ್ಟು ಸಣ್ಣ ಚುಕ್ಕೆ ಮೊದಲೇ ಇಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದರೆ ಲೆಗಿನಾಗೆ ಬೇಸರವೇನಿಲ್ಲ. "ಹೋಗ್ಲಿ ಬಿಡಿ. ಆ ಹುಡುಗೀರೂ ದಿನವಿಡೀ ಕೂತು ಕೂತು ಬೆನ್ನು ನೋಯಿಸ್ಕೊಳ್ತಾರೆ, ಪಾಪ." ಸೋಮವಾರ ಬ್ಯಾಂಕಿಗೆ ಈಗಲೂ ಹೋಗುತ್ತಾರೆ, ದುಡ್ಡು ಕಟ್ಟಲು. ಸ್ನಾನ ಮಾಡಿಕೊಂಡು ಹೋಗುತ್ತಾರೆ. ಸರಿಂತೆನ್ ಚಾಪೆ ಮಾತ್ರ ಇನ್ನೂ ಅಟ್ಟದ ಆ ತುದಿಯಲ್ಲೇ ಇದೆ. ಫ್ಯಾನು ಇರುವುದು ಅಲ್ಲೇ ಅಂತೆ.

ಕೊನೆಯ ಲಾರಿ ಖಾಲಿಯಾಗಿದೆ. ಲೆಗಿನಾ ಹೊರೆಯ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಚಹಾ ಕುಡಿಯಲು ಕೂರುತ್ತಾರೆ. ಮುಂದಿನ ತಿಂಗಳು ಉಪವಾಸ ಶುರು, ಅದು ಮುಗಿದರೆ ಹಬ್ಬ. ಬ್ಯಾಂಕಿನಿಂದ ಇನ್ನೇನಾದರೂ ಬರಬೇಕಿದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಬೇರೆ ಏನಾದರೂ ಆಸೆ ಇದೆಯೇ ಎಂದರೆ, ಇದೆ ಎನ್ನುತ್ತಾರೆ.

"ಈ ಸಲ ಎಲ್ಲರ ಜೊತೆ ಒಂದೇ ಬಸ್ಸಲ್ಲಿ ಹೋಗ್ಬೇಕು. ಸರಿಂತೆನ್ ಪಕ್ಕದಲ್ಲೇ ಕೂರ್ಬೇಕು. ನಮ್ಮೂರ ಗುಡ್ಡದ ದಾರಿ ಬರೀ ತಿರುವು, ಅವಳಿಗೆ ತಲೆ ತಿರುಗಿ ವಾಂತಿ ಆಗುತ್ತೆ. ಯಾವತ್ತೂ ನಾನೇ ಚೀಲ ಹಿಡ್ಕೊಂಡು, ಬೆನ್ನು ನೀವೋದು." ಚಹಾದ ಲೋಟವನ್ನು ಕೈಯಲ್ಲಿ ಒಮ್ಮೆ ತಿರುಗಿಸುತ್ತಾರೆ. "ಹೋದ ವರ್ಷ ಯಾರು ಹಿಡ್ಕೊಂಡ್ರೋ ಏನೋ. ನಾನು ಕೇಳ್ಲೇ ಇಲ್ಲ."